ಇಳಿಜಾರಿನಲ್ಲಿ ಕಲ್ಲು ಮಾತ್ರ

ಆಲ್ಪ್ಸ್‌ನಲ್ಲಿ ಓಡಿ ಬಂದೆ ಎಂದರೆ ಜನ ಮೊದಲು ಕೇಳುವುದು ಫೋಟೊ. ತೋರಿಸುತ್ತೇನೆ. ಹಿಮದ ಶಿಖರ, ಹಸಿರು ಹುಲ್ಲುಗಾವಲು, ಕೊರಳಿಗೆ ಗಂಟೆ ಕಟ್ಟಿಸಿಕೊಂಡ ಹಸು, ಎಲ್ಲ ಇವೆ. ‘ಸ್ವರ್ಗ ಕಣ್ರೀ’ ಅನ್ನುತ್ತಾರೆ. ಇರಬಹುದು. ಆದರೆ ಆ ಫೋಟೊಗಳೆಲ್ಲ ನಿಂತಾಗ ತೆಗೆದವು. ಓಡುವಾಗ ನಾನು ಕಂಡಿದ್ದು ಬಹುಪಾಲು ಕಲ್ಲು. ಈಗಲೂ ಕಣ್ಣುಮುಚ್ಚಿ ಆ ದಾರಿಯನ್ನು ನೆನೆದರೆ ಶಿಖರಗಳಿಗಿಂತ ಮೊದಲು ಬರುವುದು ಕಾಲಿನಿಂದ ಎರಡು ಮಾರು ಮುಂದೆ ಬರುತ್ತಲೇ ಇದ್ದ ಕಲ್ಲುಗಳು. ಬೂದುಬಣ್ಣದವು, ಕರಿಯವು, ತುಕ್ಕುಗೆಂಪಿನವು, ನೆಟ್ಟಗೆ ಕೂತವು, ಕಾಲಿಟ್ಟರೆ ಮಗುಚುವವು.

ಓಡಿದ್ದು ಟೂರ್ ದ್ಯು ಮಾಂಟ್ ಬ್ಲಾಂಕ್; ಚಾರಣಿಗರ ಬಾಯಲ್ಲಿ ಬರೀ ಟಿಎಂಬಿ. ಮಾಂಟ್ ಬ್ಲಾಂಕ್ ಶಿಖರವನ್ನು ಹತ್ತದೆ ಅದರ ಸುತ್ತ ಬರುವ ದಾರಿ ಇದು. ಸುಮಾರು 170 ಕಿಲೋಮೀಟರ್. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶದ ನೆಲ ತುಳಿಯಬೇಕು. ನಡೆಯುವವರು ಸಾಮಾನ್ಯವಾಗಿ ಹತ್ತು ಹನ್ನೊಂದು ದಿನ ಇಟ್ಟುಕೊಳ್ಳುತ್ತಾರೆ. ಅವರ ಎರಡು ದಿನದ ದಾರಿಯನ್ನು ಒಂದು ದಿನದಲ್ಲಿ ಮುಗಿಸಿ, ರಾತ್ರಿ ಬೆಟ್ಟದ ತಂಗುಮನೆಯಲ್ಲೋ ಕಣಿವೆಯ ಹಳ್ಳಿಯಲ್ಲೋ ಮಲಗಿ, ಬೆಳಿಗ್ಗೆ ಮತ್ತೆ ಹೊರಡುವುದು ನಮ್ಮ ಲೆಕ್ಕವಾಗಿತ್ತು. ನಾವು ಎಂದರೆ ನಾನು ಮತ್ತು ಭಾವ. ಅಕ್ಕ ಭಾವ ಇರುವುದು ಮ್ಯೂನಿಕ್‌ನಲ್ಲಿ. ಭಾವನ ಊರು ತೀರ್ಥಹಳ್ಳಿ ಕಡೆ. ಎಷ್ಟು ವರ್ಷ ಜರ್ಮನಿಯಲ್ಲಿದ್ದರೂ ‘ಮಾರಾಯ’ ಬಿಟ್ಟಿಲ್ಲ.

ಈ ಸುತ್ತು ಓಟಗಾರರು ಕಂಡುಹಿಡಿದದ್ದೇನೂ ಅಲ್ಲ. ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ 1767ರಲ್ಲೇ ಈ ಪರ್ವತವನ್ನು ಸುತ್ತಿ ಬಂದಿದ್ದ. ಶಿಖರ ತಲುಪುವ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುತ್ತೇನೆಂದು 1760ರಲ್ಲಿ ಸಾರಿದವನೂ ಅವನೇ. ಶಾಮೊನಿ ಊರಿನ ಜಾಕ್ ಬಾಲ್ಮಾ ಮತ್ತು ವೈದ್ಯ ಮಿಶೆಲ್ ಪಕಾರ್ 1786ರ ಆಗಸ್ಟ್ 8ರಂದು ಮೇಲೆ ಹತ್ತಿ ನಿಂತರು. ಬಹುಮಾನ ಸಾರಿದ ಇಪ್ಪತ್ತಾರು ವರ್ಷಕ್ಕೆ! ಮಾರನೆಯ ವರ್ಷ ಸೊಸ್ಯೂರ್ ತಾನೂ ಹತ್ತಿದ. ಈಗ ಇದೇ ಸುತ್ತಿನಲ್ಲಿ ಪ್ರತಿ ವರ್ಷ ಬೇಸಿಗೆಯ ಕೊನೆಗೆ ಯುಟಿಎಂಬಿ ಎಂಬ ಓಟ ನಡೆಯುತ್ತದೆ. 2003ರ ಮೊದಲ ಓಟ ಗೆದ್ದವರು ನೇಪಾಳದ ದಾವಾ ಶೆರ್ಪಾ. ನಿಲ್ಲದೆ ಓಡಿ ಮುಗಿಸಲು ಅವರು ಕೊಡುವ ಗಡುವು ನಲವತ್ತಾರೂವರೆ ಗಂಟೆ. 2022ರಲ್ಲಿ ಕಿಲಿಯನ್ ಜೊರ್ನೆ ಇಪ್ಪತ್ತು ಗಂಟೆಯ ಒಳಗೆ ಮುಗಿಸಿದ. ನಾವು ಆ ಜಾತಿಯವರಲ್ಲ. ನಮಗೆ ಸಂಜೆಯ ಸೂಪು, ಒಣಗಿದ ಕಾಲುಚೀಲ, ಗೊರಕೆ ಹೊಡೆಯಲು ಒಂದು ಮಂಚ ಬೇಕು.

ಈ ಸುತ್ತಿನಲ್ಲಿ ಒಟ್ಟು ಏರು ಹತ್ತು ಸಾವಿರ ಮೀಟರಿನಷ್ಟಿದೆ ಎಂದರೆ ಎಲ್ಲರೂ ಹುಬ್ಬೇರಿಸುತ್ತಾರೆ. ಅಷ್ಟೇ ಇಳಿಯಬೇಕು ಎನ್ನುವುದು ಯಾರ ತಲೆಗೂ ಬರುವುದಿಲ್ಲ. ಹೊರಟಲ್ಲಿಗೇ ಬಂದು ಮುಟ್ಟುವ ದಾರಿ ಇದು. ಹತ್ತಿದ ಒಂದೊಂದು ಮೀಟರನ್ನೂ ಇಳಿದೇ ತೀರಬೇಕು. ನಿಜ ಹೇಳಬೇಕೆಂದರೆ ಹತ್ತುವಾಗ ಯಾರೂ ಓಡುವುದಿಲ್ಲ. ಯುಟಿಎಂಬಿಗೆ ಬರುವವರಲ್ಲೂ ಹೆಚ್ಚಿನವರು ಕಡಿದಾದ ಏರು ಬಂದ ಕೂಡಲೇ ನಡೆಯತೊಡಗುತ್ತಾರೆ. ಎರಡು ಕೈಯಲ್ಲಿ ಎರಡು ಪೋಲ್ ಊರಿಕೊಂಡು, ಬೆನ್ನು ಬಾಗಿಸಿ, ಒಂದೇ ಲಯದಲ್ಲಿ. 2,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗದಷ್ಟೇ. ಬೆಂಗಳೂರಿನ 900 ಮೀಟರಿಗೆ ಒಗ್ಗಿದ ಎದೆಗೂ ಅಲ್ಲಿ ಏದುಸಿರು ತಪ್ಪಿದ್ದಲ್ಲ. ಹಾಗಾಗಿ ಹತ್ತುವಾಗ ತಲೆ ಎತ್ತಲು, ಸುತ್ತ ನೋಡಲು, ಒಂದು ಗುಟುಕು ನೀರು ಕುಡಿಯಲು ಪುರಸೊತ್ತು ಸಿಗುತ್ತದೆ. ನಾನು ಆಲ್ಪ್ಸ್ ಕಂಡಿದ್ದು ಹೀಗೆ, ಏರುದಾರಿಯಲ್ಲಿ, ಏದುಸಿರಿನ ನಡುವೆ.

ಇಳಿಯುವಾಗಲೇ ಓಟ. ಇಳಿಯುವಾಗಲೇ ಕಣ್ಣು ಕಲ್ಲಿಗೆ ಅಂಟಿಕೊಳ್ಳುವುದು. ಎತ್ತಿದ ಪಾದ ಎಲ್ಲಿ ಊರಬೇಕು, ಅದರ ಮುಂದಿನದು ಎಲ್ಲಿ, ಇಷ್ಟರಲ್ಲೇ ತಲೆ ತುಂಬಿಹೋಗಿರುತ್ತದೆ. ಎಡಕ್ಕೆ ಹಿಮನದಿ ಇದ್ದರೇನು, ಜಲಪಾತ ಇದ್ದರೇನು. ‘ಅಲ್ನೋಡಿ ಭಾವ’ ಎಂದು ಕೂಗಿದರೆ ಭಾವ ಮೊದಲು ನಿಲ್ಲುತ್ತಿದ್ದರು, ಆಮೇಲೆ ನೋಡುತ್ತಿದ್ದರು. ಈ ಕ್ರಮ ತಪ್ಪಿದವರು ಅಂಗೈ ಮೊಣಕಾಲು ತರಚಿಕೊಂಡು ತಂಗುಮನೆಗೆ ಬರುತ್ತಾರೆ. ಸಂಜೆ ಊಟದ ಮೇಜಿನಲ್ಲಿ ಅಂಥವರು ಒಬ್ಬರಾದರೂ ಇದ್ದೇ ಇರುತ್ತಿದ್ದರು.

ದಿನಕ್ಕೊಂದು ಹಂತವಾಗಿ ಓಡುವವರನ್ನು ಕಾಡುವುದೂ ಇಳಿಜಾರೇ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಮೈಭಾರ ತಡೆಯಲು ಅದೇ ಸ್ನಾಯು ಬಿಗಿಯಾಗಿರುತ್ತಲೇ ಉದ್ದಕ್ಕೆ ಎಳೆಯಲ್ಪಡುತ್ತದೆ. ಆ ಎಳೆತಕ್ಕೆ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಹರಿತ ಆಗುತ್ತದೆ. ಮಜಾ ಏನೆಂದರೆ ಆ ಹೊತ್ತಿಗೆ ನೋವೇ ಗೊತ್ತಾಗುವುದಿಲ್ಲ, ಹಾರಿಕೊಂಡು ಹೋಗುತ್ತಿದ್ದೇವೆ ಅನಿಸುತ್ತದೆ. ನೋವು ಬಲಿಯುವುದು ಒಂದೆರಡು ದಿನ ಬಿಟ್ಟು. ಕೈಸಾಲ ಇದ್ದ ಹಾಗೆ. ತೆಗೆದುಕೊಳ್ಳುವಾಗ ಸುಖ, ವಸೂಲಿಗೆ ಬರುವಾಗ ಬಡ್ಡಿ ಸಮೇತ. ಒಂದೇ ದಿನದ ಓಟವಾದರೆ ಆ ವಸೂಲಿ ಮನೆಯ ಸೋಫಾದ ಮೇಲೆ ನಡೆಯುತ್ತದೆ. ಇಲ್ಲಿ ಮುಂದಿನ ಕಣಿವೆ ಕಾಯುತ್ತಿರುತ್ತದೆ. ಬೆಳಿಗ್ಗೆ ತಂಗುಮನೆಯ ಮರದ ಮೆಟ್ಟಿಲನ್ನು ಕಟಾಂಜನ ಹಿಡಿದು ಹಿಮ್ಮುಖವಾಗಿ ಇಳಿಯುವವರನ್ನು ನೋಡಿದರೆ ಸಾಕು, ನಿನ್ನೆ ಯಾರು ಹುಚ್ಚು ಹಿಡಿದು ಓಡಿದರು ಎಂದು ಗೊತ್ತಾಗುತ್ತದೆ.

ಇದಕ್ಕೆ ಒಂದೇ ಮದ್ದು, ಮೊದಲೇ ಇಳಿದು ಅಭ್ಯಾಸ ಮಾಡಿಕೊಳ್ಳುವುದು. ಒಮ್ಮೆ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅಂಥದೇ ಪೆಟ್ಟನ್ನು ಚೆನ್ನಾಗಿ ತಡೆಯುತ್ತದೆ. ಕುಕ್ಕೆಯಿಂದ ಹತ್ತುವ ಕುಮಾರಪರ್ವತ ಇದಕ್ಕೆ ಹೇಳಿ ಮಾಡಿಸಿದ ಜಾಗ. 1,712 ಮೀಟರ್ ಎತ್ತರದ ಶಿಖರ, ಬುಡದ ಊರು ಸಮುದ್ರಮಟ್ಟಕ್ಕಿಂತ ನೂರಿನ್ನೂರು ಮೀಟರಷ್ಟೇ ಮೇಲೆ. ಇಡೀ ಟಿಎಂಬಿಯಲ್ಲಿ ಅದನ್ನು ಮೀರಿಸುವ ಒಂದೇ ಇಳಿತ ಸಿಗುವುದು ಕಷ್ಟ. ಉಳಿದ ದಿನಗಳಲ್ಲಿ ನಂದಿಬೆಟ್ಟದ ಮೆಟ್ಟಿಲು. ಅಲ್ಲಿ ಎಲ್ಲರೂ ಹತ್ತುವುದನ್ನು ಹೆಮ್ಮೆಯಿಂದ ಗಡಿಯಾರದಲ್ಲಿ ಅಳೆದುಕೊಳ್ಳುತ್ತಾರೆ, ಇಳಿಯುವಾಗ ಹರಟುತ್ತಾ ಬರುತ್ತಾರೆ. ನನ್ನದು ಉಲ್ಟಾ.

ಇನ್ನು ದಾರಿಗೆ ಬರೋಣ. ಲೆ ಉಶ್ ಎಂಬ ಊರಿನಿಂದ ಹೊರಟು ಮೊದಲ ಕಣಿವೆ ದಾಟುವ ತನಕ ಹೆಚ್ಚೇನೂ ಹೇಳುವಂಥದ್ದಿಲ್ಲ. ಕೇಬಲ್ ಕಾರು, ಸ್ಕೀ ಜಾರುವ ಬಯಲು, ಟಾರು. ಲೆ ಕೊಂತಾಮಿನ್ ದಾಟಿ ಬೊನೊಮ್ ಕಡೆ ಏರತೊಡಗಿದ ಮೇಲೆಯೇ ಬೆಟ್ಟ ಬೆಟ್ಟವಾಗುವುದು. ಜುಲೈ ಆದರೂ ಅಲ್ಲಲ್ಲಿ ಹಳೆಯ ಹಿಮ ಉಳಿದಿತ್ತು. ಅದರ ಮೇಲೆ ನಡೆದುಹೋದವರ ಹೆಜ್ಜೆಗುಳಿ ಕರಗಿ ಅಗಲವಾಗಿ, ತಳದಲ್ಲಿ ಕೆಂಪು ದೂಳು ಕೂತಿತ್ತು. 2,479 ಮೀಟರಿನ ಕ್ರ್ವಾ ದ್ಯು ಬೊನೊಮ್‌ನಿಂದ ಲೆ ಶಾಪಿಯೂ ಎಂಬ ನಾಲ್ಕು ಮನೆಯ ಹಳ್ಳಿಗೆ ಒಂಬೈನೂರು ಮೀಟರಿಗೂ ಹೆಚ್ಚು ಇಳಿತ. ಓಡಲು ಅನುವಾದ ಹುಲ್ಲಿನ ದಾರಿ. ಅರ್ಧದಲ್ಲಿ ಕುರಿಮಂದೆ ಅಡ್ಡ ಬಂತು, ಮಂದೆಯ ಜೊತೆಗೆ ಪಾಟೂ.

ಪಾಟೂ ಎಂದರೆ ಪಿರನೀಸ್ ಬೆಟ್ಟಸೀಮೆ ಮೂಲದ ಬಿಳಿ ಕಾವಲು ನಾಯಿ. ತೋಳ ಮತ್ತೆ ಆಲ್ಪ್ಸ್‌ಗೆ ಮರಳಿದ ಮೇಲೆ ಈ ನಾಯಿಗಳೂ ಹೆಚ್ಚಿವೆ. ಮರಿಯಿದ್ದಾಗಿನಿಂದ ಕುರಿಗಳ ಜೊತೆಯಲ್ಲೇ ಬೆಳೆಯುವುದರಿಂದ ಮಂದೆಯೇ ಅದಕ್ಕೆ ಮನೆ. ದಾರಿಬದಿಯ ಫಲಕದಲ್ಲಿ ಚಿತ್ರ ಸಮೇತ ಬರೆದಿರುತ್ತಾರೆ: ಓಡಬೇಡಿ, ದಿಟ್ಟಿಸಬೇಡಿ, ಮಂದೆಯನ್ನು ಬಳಸಿಕೊಂಡು ಹೋಗಿ. ನಮ್ಮದು ನಿಂತಲ್ಲೇ ಎರಡು ಸಲ ಬೊಗಳಿತು, ಆಮೇಲೆ ಹತ್ತಿರ ಬಂದು ಭಾವನ ಪೋಲ್ ಮೂಸಿತು. ಎದೆಮಟ್ಟದ ಪ್ರಾಣಿ. ‘ಎಂತ ಮಾಡೂದು ಮಾರಾಯ?’ ಎಂದು ಭಾವ ತುಟಿ ಅಲ್ಲಾಡಿಸದೆ ಕೇಳಿದರು. ‘ನಡೀರಿ ಭಾವ, ಸುಮ್ನೆ ನಡೀರಿ’ ಎಂದೆ. ಇಡೀ ಗುಡ್ಡ ಬಳಸಿ ನಡೆದೆವು. ಹಾಗಾಗಿ ಆ ಇಳಿಜಾರಿನ ಹೂಗಳನ್ನು ಕಂಡೆ. ನೀಲಿ ಜೆಂಶಿಯನ್, ಅಷ್ಟು ಕಡುನೀಲಿ ಹೂ ನಾನು ಬೇರೆಲ್ಲೂ ಕಂಡಿಲ್ಲ. ನಾಯಿಗೆ ಋಣಿ.

ಸೇನ್ಯ್ ಕಣಿವೆ ದಾಟಿದರೆ ಇಟಲಿ. ಅಲ್ಲಿ ಎದುರಿಗೆ ಎರಡು ಸುಣ್ಣಕಲ್ಲಿನ ಗೋಪುರಗಳು ಎದ್ದು ನಿಂತಿವೆ. ಅಕ್ಕಪಕ್ಕದ ಕಂದು ಬೆಟ್ಟಗಳ ನಡುವೆ ಅವೆರಡೇ ಬಿಳಿ. ಹೆಸರೂ ಹಾಗೆಯೇ, ಪಿರಮಿಡ್ ಕಾಲ್ಕೇರ್. ಇಲ್ಲಿಂದಲೇ ನನಗೆ ಕಾಲಡಿಯ ಕಲ್ಲಿನ ಮೇಲೆ ಆಸೆ ಹುಟ್ಟಿದ್ದು. ಹೇಗೂ ಅದನ್ನೇ ನೋಡಬೇಕಲ್ಲ. ಒಂದೇ ದಿನದ ಓಟದಲ್ಲಿ ಸುಣ್ಣಕಲ್ಲು, ಪದರು ಪದರಾದ ಕರಿಕಲ್ಲು, ಗ್ರಾನೈಟ್ ಮೂರೂ ಕಾಲಿಗೆ ಸಿಗುತ್ತವೆ. ಮಾಂಟ್ ಬ್ಲಾಂಕ್ ಗ್ರಾನೈಟಿಗೆ ಸುಮಾರು 30 ಕೋಟಿ ವರ್ಷ ವಯಸ್ಸು. ನಾವು ಭಾನುವಾರ ಹತ್ತಿ ಕೂರುವ ಲಾಲ್‌ಬಾಗ್ ಗುಡ್ಡದ ಕಲ್ಲಿಗೆ ಸುಮಾರು 300 ಕೋಟಿ. ವಯಸ್ಸಿನಲ್ಲಿ ನಮ್ಮದು ಹತ್ತು ಪಟ್ಟು ದೊಡ್ಡದು, ಹಾಗಾಗಿ ಸವೆದು ನುಣುಪಾಗಿದೆ. ಅಲ್ಲಿನದು ಪ್ರತಿ ಚಳಿಗಾಲವೂ ಬಿರುಕಿನೊಳಗೆ ನೀರು ಹೆಪ್ಪುಗಟ್ಟಿ ಹಿಗ್ಗುವುದರಿಂದ ಇನ್ನೂ ಒಡೆಯುತ್ತಲೇ ಇದೆ. ಅದರ ಅಂಚಿನ ಹರಿತ ನನ್ನ ಶೂವಿನ ಬದಿಯಲ್ಲಿ ಈಗಲೂ ಇದೆ.

ಕೂರ್ಮಾಯರ್‌ಗೆ ಇಳಿಯುವ ಕಾಡುದಾರಿ ಬರೀ ಬೇರು ಮತ್ತು ದೂಳು. ಏಳುನೂರು ಮೀಟರ್ ಬಿದ್ದುಬಿಡುವ ದಾರಿ ಅದು. ಅಲ್ಲಿ ಭಾವ ಒಂದು ಪೋಲ್ ಮುರಿದುಕೊಂಡರು, ಊರಿನಲ್ಲಿ ಹೊಸದು ಕೊಂಡರು, ಅದರ ಬೆಲೆ ಅಕ್ಕನಿಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡರು.

ಅಂದು ರಾತ್ರಿ ಮನೆಗೆ ಫೋನು ಮಾಡಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಬೆಟ್ಟ ಯಾವ ಕಡೆಗಿದೆಯೋ?’ ಎಡಕ್ಕೆ ಎಂದೆ. ಟಿಎಂಬಿಯನ್ನು ರೂಢಿಯಂತೆ ಸುತ್ತುವುದು ಗಡಿಯಾರದ ಮುಳ್ಳಿಗೆ ಎದುರಾಗಿ, ಯುಟಿಎಂಬಿ ಓಟವೂ ಹಾಗೆಯೇ. ‘ಅಯ್ಯೋ, ಅಪ್ರದಕ್ಷಿಣೆ ಮಾಡ್ತಿದೀಯಲ್ಲೋ’ ಎಂದರು ಅಮ್ಮ. ಅವರ ಗಾಬರಿ ನಿಜದ್ದೇ. ಅಪ್ರದಕ್ಷಿಣೆ ನಮ್ಮಲ್ಲಿ ಅಪರಕರ್ಮಕ್ಕೆ ಸೇರಿದ್ದು. ಅದು ದೇವರಲ್ಲ ಅಮ್ಮ, ಬೆಟ್ಟ ಎಂದೆ. ‘ಬೆಟ್ಟ ಬೇರೆ ದೇವರು ಬೇರೆ ಅಂತ ನಿನಗೆ ಯಾರು ಹೇಳಿದ್ದು?’ ಎಂದು ಫೋನು ಭಾವನ ಕೈಗೆ ಕೊಡಿಸಿದರು. ಭಾವ ಜಾಣ. ‘ಹೌದತ್ತೆ, ಬುಕಿಂಗ್ ಹಂಗೆ ಆಗಿದೆ’ ಎಂದು ತಪ್ಪಿಸಿಕೊಂಡರು.

ನೋಡುತ್ತಲೂ ಓಡಬಹುದಾದ ಜಾಗ ಇಡೀ ಸುತ್ತಿನಲ್ಲಿ ನನ್ನ ಮಟ್ಟಿಗೆ ಒಂದೇ. ಕೂರ್ಮಾಯರ್‌ನಿಂದ ಬೆರ್ತೋನೆ ತಂಗುಮನೆಗೆ ಉಸಿರುಗಟ್ಟಿ ಹತ್ತಿದ ಮೇಲೆ, ಅಲ್ಲಿಂದ ಬೊನಾತ್ತಿ ತಂಗುಮನೆಯ ತನಕ ದಾರಿ ಬೆಟ್ಟದ ಸೊಂಟದ ಗುಂಟ ಎರಡು ಸಾವಿರ ಮೀಟರಿನ ಆಸುಪಾಸಿನಲ್ಲೇ ಸಾಗುತ್ತದೆ. ಹೆಚ್ಚು ಏರಿಲ್ಲ, ಹೆಚ್ಚು ಇಳಿತವಿಲ್ಲ, ಕಾಲಡಿ ಮೆತ್ತನೆಯ ಮಣ್ಣು. ಎಡಗಡೆ ಕಣಿವೆಯಾಚೆಗೆ 4,208 ಮೀಟರಿನ ಗ್ರಾಂದ್ ಜೊರಾಸ್ ಇಡಿಯಾಗಿ ನಿಂತಿದೆ. ಹಿಮನದಿಗಳು ಬಂಡೆಯ ಅರ್ಧಕ್ಕೇ ತುಂಡಾಗಿ ನಿಂತಿವೆ. ಅವುಗಳ ತುದಿಯಿಂದ ನೀರು ಬೀಳುವುದು ಕಾಣುತ್ತದೆ, ಸದ್ದು ಒಂದು ಗಳಿಗೆ ತಡವಾಗಿ ಬರುತ್ತದೆ. ಮಾರ್ಮಟ್ ಎಂಬ ದಪ್ಪ ಬೆಟ್ಟದಳಿಲುಗಳು ಶಿಳ್ಳೆ ಹೊಡೆದು ಬಿಲ ಹೊಗುತ್ತವೆ. ಅಲ್ಲಿ ಭಾವನನ್ನು ಹಿಂದೆ ಬಿಟ್ಟು ಓಡಿದೆ. ಬಾಟಲಿಯಲ್ಲಿ ರಾಗಿ ಹುರಿಹಿಟ್ಟು ಬೆಲ್ಲ ಕಲಸಿಟ್ಟುಕೊಂಡಿದ್ದೆ. ಇಟಲಿಯವರೊಬ್ಬರು ಅದೇನೆಂದು ಕೇಳಿ, ರುಚಿ ನೋಡಿ, ತುಂಬ ಮರ್ಯಾದೆಯಿಂದ ಹಿಂತಿರುಗಿಸಿದರು.

2,537 ಮೀಟರಿನ ಗ್ರಾಂ ಕೊಲ್ ಫೆರೆ ದಾಟಿ ಸ್ವಿಟ್ಜರ್ಲೆಂಡಿಗೆ ಇಳಿಯುವಾಗ ಮಂಜು ಕವಿದು ಜಿನುಗುಮಳೆ ಹಿಡಿಯಿತು. ಅಲ್ಲಿಯ ಕಲ್ಲು ಹಾಳೆ ಹಾಳೆಯಾಗಿ ಬಿಡುವ ಕರಿಕಲ್ಲು. ಒದ್ದೆಯಾದರೆ ಅದರ ಪುಡಿ ಕರಿ ಕೆಸರಾಗಿ ಶೂವಿಗೆ ಮೆತ್ತಿಕೊಳ್ಳುತ್ತದೆ. ಹತ್ತು ಹೆಜ್ಜೆಗೊಮ್ಮೆ ಹುಲ್ಲಿಗೆ ಒರೆಸಿಕೊಂಡು ಇಳಿದೆವು. ಸ್ವಿಸ್ ಹಳದಿ ಫಲಕಗಳಲ್ಲಿ ಕಿಲೋಮೀಟರ್ ಬರೆದಿರುವುದಿಲ್ಲ, ನಡೆದರೆ ಎಷ್ಟು ಗಂಟೆ ಎಷ್ಟು ನಿಮಿಷ ಎಂದು ಬರೆದಿರುತ್ತಾರೆ. ಬೆಟ್ಟದಲ್ಲಿ ಅದೇ ಸರಿಯಾದ ಅಳತೆ; ನಮ್ಮ ಘಟ್ಟದ ಚಾರಣಗಳಲ್ಲೂ ಹೀಗೆ ಬರೆದರೆ ಎಷ್ಟೋ ಜನ ಕತ್ತಲಾಗುವ ಮೊದಲು ಕೆಳಗಿಳಿಯುತ್ತಿದ್ದರು.

ಪ್ರಾದ್ ಫೋರ್ ಹಳ್ಳಿಯಲ್ಲಿ ಹಳೆಯ ಮರದ ಕಣಜಗಳಿವೆ. ಆ ಸೀಮೆಯ ಕಣಜಗಳನ್ನು ನೆಲಕ್ಕೆ ತಾಗದಂತೆ ಗಿಡ್ಡ ಕಂಬಗಳ ಮೇಲೆ ಎತ್ತಿ ಕಟ್ಟಿ, ಕಂಬಕ್ಕೂ ಮನೆಗೂ ನಡುವೆ ಒಂದೊಂದು ಅಗಲ ಚಪ್ಪಡಿ ಇಡುತ್ತಿದ್ದರು. ಕಂಬ ಹತ್ತಿದ ಇಲಿ ಚಪ್ಪಡಿಯ ಅಂಚು ದಾಟಲಾರದೆ ಕೆಳಗೆ ಬೀಳಲಿ ಎಂದು. ನನ್ನನ್ನು ಬೀಳಿಸಲು ನೋಡಿದ ಕರಿಕಲ್ಲುಗಳಿಗಿಂತ ಇವು ಎಷ್ಟೋ ಮರ್ಯಾದಸ್ಥ ಕಲ್ಲುಗಳು. ಅಲ್ಲಿಂದ 1,466 ಮೀಟರಿನ ಶಾಂಪೆಕ್ಸ್‌ಗೆ ಹತ್ತಿ ಸರೋವರದ ದಡದಲ್ಲಿ ಕೂತಾಗ ಭಾವ ಫೋನಿನಲ್ಲಿ ನೋಡಿ, ‘ಇದು ನಿಮ್ಮ ನಂದಿಬೆಟ್ಟದಷ್ಟೇ ಎತ್ತರ ಮಾರಾಯ’ ಎಂದರು. ಪಾರ್ಕಿಂಗ್ ಜಗಳ ಒಂದಿರಲಿಲ್ಲ.

ತ್ರಿಯಾಂ ಹಿಮನದಿಯ ಕೆಳಗಿನ ದಾರಿ ನೋಡಿ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಹಿಮನದಿಯ ತುದಿಯಿಂದ ಮಂಜುಗಡ್ಡೆ ಕಡಿದು, ಹಳಿಯ ಮೇಲೆ ಸಾಗಿಸಿ ಮಾರುತ್ತಿದ್ದರು. ನಾವು ಓಡಿದ ಸಮತಟ್ಟು ದಾರಿ ಆ ಸಾಗಣೆಯದೇ. ಈಗ ಆ ಜಾಗದಲ್ಲಿ ನಿಂತು ಕತ್ತೆತ್ತಿದರೆ ಹಿಮ ಎಲ್ಲೋ ಮೇಲೆ, ಬಂಡೆಯ ತಲೆಯ ಮೇಲಿದೆ. ನಡುವೆ ಬರೀ ಬೂದು ಕಲ್ಲಿನ ರಾಶಿ.

ಮತ್ತೆ ಫ್ರಾನ್ಸಿಗೆ ಬಂದ ಮೇಲೆ ಬಂಡೆಗೆ ಬಿಗಿದ ಕಬ್ಬಿಣದ ಏಣಿಗಳಿವೆ. ಪೋಲ್ ಮಡಚಿ ಚೀಲಕ್ಕೆ ಸಿಕ್ಕಿಸಿ ಹತ್ತಬೇಕು. ಅದನ್ನು ದಾಟಿದರೆ ಎಗ್ವಿ ರೂಜ್ ಸಾಲು, ತುಕ್ಕುಗೆಂಪು ಕಲ್ಲಿನ ಬೆಟ್ಟಗಳು. ಇಲ್ಲಿಂದ 2,525 ಮೀಟರಿನ ಬ್ರೆವಾಂ ತನಕ ಇಡೀ ಮಾಂಟ್ ಬ್ಲಾಂಕ್ ಎದುರಿಗೇ ಇರುತ್ತದೆ. ಶಿಖರದ ಹೆಗಲಿಂದ ಕೆಳಗೆ, ಶಾಮೊನಿ ಕಣಿವೆಯ ಕಡೆಗೆ ಬೊಸೊಂ ಹಿಮನದಿ ಜೋತುಬಿದ್ದಿದೆ.

1966ರ ಜನವರಿ 24ರಂದು ಮುಂಬೈಯಿಂದ ಹೊರಟು ಜಿನೀವಾದಲ್ಲಿ ಇಳಿಯಬೇಕಿದ್ದ ಏರ್ ಇಂಡಿಯಾದ ‘ಕಾಂಚನಜುಂಗಾ’ ವಿಮಾನ ಬಡಿದದ್ದು ಆ ಶಿಖರದ ಹತ್ತಿರ. ಒಳಗಿದ್ದ 117 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಹೋಮಿ ಭಾಭಾ ಅವರಲ್ಲೊಬ್ಬರು. 1939ರಲ್ಲಿ ಕೇಂಬ್ರಿಜ್‌ನಿಂದ ರಜೆಗೆ ಬಂದಿದ್ದ ಭಾಭಾ ಯುದ್ಧ ಶುರುವಾದ್ದರಿಂದ ಇಲ್ಲೇ ಉಳಿದು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ಇದ್ದ ವಿಭಾಗದಲ್ಲಿ, ವಿಶ್ವಕಿರಣಗಳ ಸಂಶೋಧನೆ ಮಾಡಿದವರು. ಅವರು ಕಟ್ಟಿದ ಮೂಲವಿಜ್ಞಾನದ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ 1945ರಲ್ಲಿ ಶುರುವಾದದ್ದೂ ಬೆಂಗಳೂರಿನಲ್ಲೇ, ಆಮೇಲೆ ಮುಂಬೈಗೆ ಹೋಯಿತು. ಟಾಟಾ ಇನ್‌ಸ್ಟಿಟ್ಯೂಟಿನ ಕ್ಯಾಂಪಸ್ಸಿನ ಮರಗಳ ಕೆಳಗೆ ನಾನು ಎಷ್ಟೋ ಬೆಳಿಗ್ಗೆ ಓಡಿದ್ದೇನೆ.

ಹಿಮನದಿ ನಿಂತ ಹಿಮವಲ್ಲ, ಇಂಚಿಂಚೇ ಕೆಳಗೆ ಹರಿಯುತ್ತಿರುತ್ತದೆ. ಮೇಲೆ ನುಂಗಿದ್ದನ್ನು ದಶಕಗಳ ಮೇಲೆ ಕೆಳಗಿನ ಕಲ್ಲುರಾಶಿಯಲ್ಲಿ ಉಗುಳುತ್ತದೆ. 2012ರಲ್ಲಿ ಭಾರತ ಸರ್ಕಾರದ ಅಂಚೆಚೀಲವೊಂದು ಸಿಕ್ಕಿತು. 2013ರಲ್ಲಿ ಒಬ್ಬ ಪರ್ವತಾರೋಹಿಗೆ ಪಚ್ಚೆ, ನೀಲ ತುಂಬಿದ ಪೆಟ್ಟಿಗೆ ಸಿಕ್ಕಿತು. ಆತ ಅದನ್ನು ಪೊಲೀಸರಿಗೆ ಒಪ್ಪಿಸಿದ. ಎಂಟು ವರ್ಷದ ಮೇಲೆ ಅರ್ಧ ಅವನಿಗೆ, ಅರ್ಧ ಶಾಮೊನಿ ಊರಿಗೆ ಎಂದು ಪಾಲಾಯಿತು. 2020ರಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗುವ ಸುದ್ದಿಯಿದ್ದ ಭಾರತದ ಪತ್ರಿಕೆಗಳು ಸಿಕ್ಕವು, ಒಣಗಿಸಿದರೆ ಓದಬಹುದಾದ ಹಾಗೆ. ಬ್ರೆವಾಂ ಮೇಲೆ ಜನ ಸೆಲ್ಫಿಗೆ ಸಾಲುಗಟ್ಟಿದ್ದರು. ಭಾವ ಅತ್ತ ಕೈ ತೋರಿಸಿ ‘ಎಲ್ಲಿ?’ ಎಂದರು. ನಾನು ಶಿಖರದ ಬಲಗಡೆಗೆ ಅಂದಾಜಿನಲ್ಲಿ ತೋರಿಸಿದೆ. ಇಬ್ಬರೂ ತುಸು ಹೊತ್ತು ನಿಂತೆವು, ಆಮೇಲೆ ಗಾಳಿ ಚಳಿಯೆನಿಸಿ ಜಾಕೆಟ್ ಹಾಕಿಕೊಂಡು ಹೊರಟೆವು.

ಅಲ್ಲಿಂದ ಲೆ ಉಶ್‌ಗೆ ಒಂದೇ ಇಳಿತ, ಸಾವಿರದೈನೂರು ಮೀಟರ್. ಅಷ್ಟು ದೂರವೂ ಮಾಂಟ್ ಬ್ಲಾಂಕ್ ಎಡಗಡೆಗೇ ಇತ್ತಂತೆ. ಅಂತೆ ಎನ್ನುವುದು ಏಕೆಂದರೆ ನಾನು ನೋಡಲಿಲ್ಲ. ತೊಡೆ ನಡುಗುತ್ತಿತ್ತು, ಕಲ್ಲು ನೋಡುತ್ತಿದ್ದೆ. ಬಸ್ಸಿಗೆ ಕಾಯುವಾಗ ಭಾವ ನಕ್ಷೆ ಬಿಡಿಸಿ ಒಂದು ಮಾತು ಹೇಳಿದರು. ಇದನ್ನೇ ತಿರುಗಿಸಿ ಸುತ್ತಿದರೆ ಇಳಿದ ಕಡೆಯೆಲ್ಲ ಹತ್ತುತ್ತೇವೆ, ಅಂದರೆ ಈ ಸಲ ಕಲ್ಲು ಮಾತ್ರ ಕಂಡ ಕಡೆ ಬೆಟ್ಟ ಕಾಣುತ್ತದೆ, ಅತ್ತೆಗೂ ಸಮಾಧಾನ. ಲೆಕ್ಕ ಸರಿಯಿದೆ. ಆದರೆ ಮೊದಲ ದಿನವೇ ಸಾವಿರದೈನೂರು ಮೀಟರ್ ಹತ್ತಬೇಕು, ಆಮೇಲೆ ಆ ಏಣಿಗಳನ್ನು ಕೆಳಮುಖವಾಗಿ ಇಳಿಯಬೇಕು. ನನಗೆ ಸೆಪ್ಟೆಂಬರ್ ಬೇಕು, ಭಾವನಿಗೆ ಹೂವಿಗೋಸ್ಕರ ಜುಲೈಯೇ ಬೇಕು. ತಂಗುಮನೆಗಳ ಬುಕಿಂಗ್ ಚಳಿಗಾಲದಲ್ಲೇ ತುಂಬಿಹೋಗುತ್ತದೆ, ಅಷ್ಟರೊಳಗೆ ಇದು ಬಗೆಹರಿಯಬೇಕು. ಹೊಸ ಪೋಲಿನ ಬೆಲೆ ಅಕ್ಕನಿಗೆ ಹೇಗೋ ಗೊತ್ತಾಗಿದೆ. ಆ ಮಾತೂ ಬೇರೆ ಬಾಕಿಯಿದೆ.